ಹೊಂಗೆ ಇಂಧನದ ಪರೀಕ್ಷೆ

ಹೊಂಗೆ ಬೀಜದಿಂದ ಮಾಡಿದ ಇಂಧನವೊಂದು ಕ್ಯಾನಿನಲ್ಲಿ ಕೂತು ಪ್ರಯೋಗಾಲಯದ ಪರೀಕ್ಷಾ ಯಂತ್ರದ ಮುಂದೆ ಬಂತು. ಪಾಸಾದರೆ ಬಸ್ಸಿಗೆ, ಇಲ್ಲವಾದರೆ ಚರಂಡಿಗೆ. ಹೊಂಗೆಗೆ ಅದು ಗೊತ್ತಿತ್ತು.

ಯಂತ್ರ ಒಂದು ಹನಿ ಹೀರಿ ಗದರಿತು: "ಏನೋ ಹೊಂಗೆ, ನಿನ್ನೊಳಗೆ ಆಮ್ಲಜನಕ ಇದೆಯಲ್ಲ?"

"ಇದೆ ಸ್ವಾಮಿ. ಅದಿರುವುದರಿಂದಲೇ ನಾನು ಕಡಿಮೆ ಹೊಗೆ ಬಿಟ್ಟು ಉರಿಯುವುದು."

"ಡೀಸೆಲ್ ಸಾಹೇಬರಲ್ಲಿ ಅದಿಲ್ಲ. ಅವರಲ್ಲಿ ಇಲ್ಲದ್ದೆಲ್ಲ ಕಲ್ಮಶ."

"ಸಾಹೇಬರೊಳಗೆ ಗಂಧಕ ಇದೆಯಂತಲ್ಲ, ಅದೇನು ಪ್ರಸಾದವೇ?"

"ಅವರು ಮಾದರಿ. ಮಾದರಿಯನ್ನೇ ಪರೀಕ್ಷೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಕೇಳು ತೀರ್ಪು: ಹೊಂಗೆ ಇಂಧನ ಉರಿಯುವುದಕ್ಕೆ..."

ಅಷ್ಟರಲ್ಲಿ ಕರೆಂಟ್ ಹೋಯಿತು. ಯಂತ್ರದ ಬಾಯಿ ಕಟ್ಟಿತು. ಹಿತ್ತಿಲಿನಿಂದ ಜನರೇಟರ್ ಕೂಗಿತು: "ಡೀಸೆಲ್ ಮುಗಿದಿದೆ! ಯಾರಾದರೂ ಬನ್ನಿ, ಕುಲಗೋತ್ರ ಕೇಳುವುದಿಲ್ಲ, ನನ್ನ ಹೊಟ್ಟೆ ಖಾಲಿ!"

ಕೆಲಸದವರು ಹೊಂಗೆಯ ಕ್ಯಾನನ್ನೇ ಎತ್ತಿ ಅದರ ಬಾಯಿಗೆ ಸುರಿದರು. ಹೊಂಗೆ ಹೊತ್ತಿಕೊಂಡಿತು, ಜನರೇಟರ್ ಗುಡುಗಿತು, ದೀಪಗಳು ಬಂದವು. ಯಂತ್ರ ಕಣ್ಣು ಬಿಟ್ಟು, ಗಂಟಲು ಸರಿಮಾಡಿಕೊಂಡು, ನಿಂತಿದ್ದ ಮಾತನ್ನು ಮುಗಿಸಿತು:

"...ಯೋಗ್ಯವಲ್ಲ."

ಹೊಂಗೆಗೆ ಆ ತೀರ್ಪು ಕೇಳಿಸಲಿಲ್ಲ. ಅದು ಹಿತ್ತಿಲಿನಲ್ಲಿ ಉರಿಯುತ್ತಿತ್ತು.