ಚೆಲುವಯ್ಯನ ಸರದಿ

ಹೊಳೆದಂಡೆಯ ಆ ಆಶ್ರಮದಲ್ಲಿ ಇದ್ದದ್ದು ಒಂದೇ ಕಟ್ಟಳೆ. ಉಂಡವರೆಲ್ಲ ಸರದಿಯ ಮೇಲೆ ವಾರವಾರ ಈಳಿಗೆ ಮಣೆಯ ಮುಂದೆ ಕೂತು ತರಕಾರಿ ಹೆಚ್ಚಬೇಕು. ಗುರುಗಳೂ ಹೆಚ್ಚುತ್ತಿದ್ದರು.

ಚೆಲುವಯ್ಯನೊಬ್ಬನಿಗೆ ಮಾಫಿ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣದು.

ಮಾಫಿ ಕೊಟ್ಟವನು ಅಡುಗೆಮನೆ ನೋಡಿಕೊಳ್ಳುವ ಹಿರಿಯ ಶಿಷ್ಯ ಪರಶಿವ. ಬಲು ಒಳ್ಳೆಯವನು. ಅವನ ಒಳ್ಳೆಯತನದಿಂದ ತಪ್ಪಿಸಿಕೊಂಡವರೇ ಇರಲಿಲ್ಲ.

ಪಂಕ್ತಿಯಲ್ಲಿ ಅವನು ಚೆಲುವಯ್ಯನ ಪಕ್ಕದಲ್ಲೇ ಕೂರುತ್ತಿದ್ದ. ಮುದ್ದೆ ಬಿದ್ದ ಕೂಡಲೇ ಅದನ್ನು ಹದಿನಾರು ಚೂರು ಮಾಡಿ ಸಾರಿನಲ್ಲಿ ಮುಳುಗಿಸುತ್ತಿದ್ದ. ಚೆಲುವಯ್ಯ ಕೈ ತೊಳೆದು ಬರುವಷ್ಟರಲ್ಲಿ ಮುದ್ದೆ ಗಂಜಿಯಾಗಿರುತ್ತಿತ್ತು. ಮೂವತ್ತೆರಡು ಹಲ್ಲೂ ಗಟ್ಟಿಯಿದ್ದ ಗಂಡಸು ಮೂರು ತಿಂಗಳು ಗಂಜಿ ಕುಡಿದ.

ಹಣ್ಣಾದರೆ ಸಿಪ್ಪೆ ಸುಲಿದು, ಬೀಜ ತೆಗೆದು, ನೇರ ಬಾಯಿಗೇ.

ಒಂದು ಬೆಳಿಗ್ಗೆ ಚೆಲುವಯ್ಯ ಬಟ್ಟೆ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

“ಬುದ್ಧಿ, ನಾನು ಹೊರಟೆ. ಇಲ್ಲಿ ಎಲ್ರೂ ಶಿಷ್ಯರು, ನಾನೊಬ್ಬ ನೆಂಟ.”

“ನೆಂಟಂಗೆ ಏನಪ್ಪ ಕಮ್ಮಿ ಆಯ್ತು?”

“ನಂಗೂ ಸರದಿ ಬೇಕು ಬುದ್ಧಿ. ನಾನು ಹೆಚ್ಚಿದ್ದನ್ನ ನಾನು ತಿನ್ಬೇಕು.”

“ಈಳಿಗೆ ಅಂದ್ರೆ ಭಯ ಇಲ್ವಾ?”

ಇಲ್ಲ ಎನ್ನಲು ಚೆಲುವಯ್ಯ ಬಾಯಿ ತೆರೆದ. ಗುರುಗಳ ಮುಂದೆ ಸುಳ್ಳು ಹೊರಡಲಿಲ್ಲ.

“ಅದೆ ಬುದ್ಧಿ. ಬೆರಳು ಹೋಗ್ತದೆ ಅಂತಲ್ಲ. ಒಂದ್ಸಲ ಕುಯ್ಕೊಂಡ್ರೆ ಸಾಕು, ಇನ್ನು ಸಾಯೋವರ್ಗೂ ಇವ್ರು ನನ್ನ ಮಣೆ ಮುಟ್ಟಕ್ಕೆ ಬಿಡಲ್ಲ.”

ಗುರುಗಳು ಎದ್ದುಹೋಗಿ ಹಿತ್ತಿಲಿಂದ ಒಂದು ಎಳೆ ಸೌತೆಕಾಯಿ ಕಿತ್ತು ತಂದರು. ಚೆಲುವಯ್ಯನನ್ನು ಈಳಿಗೆ ಮಣೆಯ ಮುಂದೆ ಕೂರಿಸಿ, ಒಂದು ಕಾಲು ಹಲಗೆಯ ಮೇಲೆ ಒತ್ತಿ ಇಡಲು ಹೇಳಿದರು. ಅಲಗನ್ನು ಮೊದಲು ಬೆನ್ನಿನ ಕಡೆಯಿಂದ ಮುಟ್ಟಿಸಿದರು. ಮೊಂಡು ಕಡೆ ಎಲ್ಲಿದೆಯೆಂದು ತಿಳಿದರೆ ಚೂಪು ಕಡೆ ತಾನೇ ತಿಳಿಯುತ್ತದೆ.

“ಈಳಿಗೆ ಕೂತ ಜಾಗದಿಂದ ಏಳಲ್ಲ ಕಣಪ್ಪ. ಕಾಯಿನೇ ಅದರ ಹತ್ರ ಹೋಗ್ಬೇಕು. ಕಾಯಿ ಇರೋದು ನಿನ್ನ ಕೈಲಿ.”

ಮೊದಲ ಹೋಳು ಒಂದು ಕಡೆ ಹೆಬ್ಬೆರಳ ದಪ್ಪ, ಇನ್ನೊಂದು ಕಡೆ ಎಲೆಯಷ್ಟು ತೆಳು. ಚೆಲುವಯ್ಯ ಅದನ್ನು ಬಾಯಿಗೆ ಹಾಕಿಕೊಂಡು ಕರಕರ ಅಗಿದ. ಅವನಿಗೆ ಅಳು ಬಂತು. ಉಪ್ಪು ಬೇಕೇ ಎಂದು ಗುರುಗಳು ಕೇಳಿದರೆ ಬೇಡವೆಂದು ತಲೆಯಾಡಿಸಿದ. ಹೆಚ್ಚುತ್ತಾ ತಿನ್ನುತ್ತಾ ಇಡೀ ಕಾಯಿ ಮುಗಿಸಿದ. ಗುರುಗಳ ಪಾಲಿಗೆ ತೊಟ್ಟು ಉಳಿಯಿತು.

ಅಂದು ಮಧ್ಯಾಹ್ನ ಮುದ್ದೆ ಬಿದ್ದ ಕೂಡಲೇ, ಸುಡುತ್ತಿದ್ದರೂ ಸರಿಯೆಂದು, ಚೆಲುವಯ್ಯ ಅದರ ಮೇಲೆ ಅಂಗೈ ಮುಚ್ಚಿ ಕೂತ. ಪರಶಿವನ ಕೈ ಬಂದು ತಾಗಿ ಹಿಂದಕ್ಕೆ ಹೋಯಿತು. ಚೆಲುವಯ್ಯ ತಾನೇ ಮುರಿದು, ಸಾರಿಗೆ ಅದ್ದಿ, ನುಂಗಿದ. ಅರ್ಧ ಸಾರು ಅಂಗಿಯ ಮೇಲೆ ಬಿತ್ತು. ಪಕ್ಕದಲ್ಲಿ ಪರಶಿವ ಉಣ್ಣುವುದು ಬಿಟ್ಟು ನಿಟ್ಟುಸಿರು ಬಿಡುತ್ತಿದ್ದ.

ಎಂಟು ದಿನ ಗುರುಗಳ ಪಾಠ ನಡೆಯಿತು. ಈ ವಾರದ ಸರದಿ ಚೆಲುವಯ್ಯನದು ಎಂದು ಒಂಬತ್ತನೆಯ ಬೆಳಿಗ್ಗೆ ಅವರು ಎಲ್ಲರಿಗೂ ಹೇಳಿದರು.

ಚೆಲುವಯ್ಯ ಮಣೆ ಎಳೆದುಕೊಂಡು ಕೂತ. ಘಮ್ಮೆಂದು ಅರಿಶಿನದ ವಾಸನೆ ಮೂಗಿಗೆ ಬಡಿಯಿತು. ಇನ್ನೂ ಒಂದು ಕಾಯಿ ಹೆಚ್ಚಿಲ್ಲ, ಪರಶಿವ ಅರಿಶಿನ, ನೀರು, ಹಳೆ ಪಂಚೆಯ ತುಂಡು ಹಿಡಿದು ಪಕ್ಕದಲ್ಲಿ ತಯಾರಾಗಿದ್ದ. ಉಳಿದವರೂ ಸುತ್ತ ಬಂದು ನಿಂತರು.

ಹುರುಳಿಕಾಯಿ ಮುಗಿಯಿತು. ಬದನೆಕಾಯಿ ಮುಗಿಯಿತು. ಕೊನೆಯ ಮೂಲಂಗಿ ಕೈಗೆ ಬಂದಾಗ ಚೆಲುವಯ್ಯನಿಗೆ ಜಂಬ ಹತ್ತಿತು. ಪರಶಿವನಿಗೆ ಏನು ಹೇಳಿ ಚುಚ್ಚಲಿ ಎಂದು ಯೋಚಿಸತೊಡಗಿದ. ಆ ಯೋಚನೆಯಲ್ಲೇ ಎಡಗೈ ಬೆರಳು ಕುಯ್ದುಹೋಯಿತು.

ದೊಡ್ಡ ಗಾಯವೇನಲ್ಲ. ಎದ್ದ ಗಲಾಟೆ ಕೇಳಿದರೆ ಮಾತ್ರ ಕೈಯೇ ಉರುಳಿಹೋಯಿತು ಎನ್ನಬೇಕು. ಯಾರೋ ತಲೆಗೆ ನೀರು ತಟ್ಟಿದರು, ಯಾರೋ ಗಾಳಿ ಬೀಸಿದರು. ಪರಶಿವ ಗಾಬರಿಯಲ್ಲಿ ಮೊದಲು ಮಣೆಯನ್ನು ಕಿತ್ತುಕೊಂಡ. ತಂದಿದ್ದ ಬಟ್ಟೆಯನ್ನೆಲ್ಲ ಅದರ ಅಲಗಿಗೆ ಸುತ್ತಿ ಮೂರು ಗಂಟು ಹಾಕಿದ. ಚೆಲುವಯ್ಯನ ಬೆರಳು ತನ್ನ ಪಾಡಿಗೆ ತೊಟ್ಟಿಕ್ಕುತ್ತಿತ್ತು.

ಚೆಲುವಯ್ಯನಿಗೆ ನೋವು ಗೊತ್ತಾಗಲಿಲ್ಲ. ಕೈತಪ್ಪಿದ ಮಣೆಗಾಗಿ ಸುತ್ತ ನೆಲವೆಲ್ಲ ತಡಕಾಡಿದ.

ಗದ್ದಲ ಕೇಳಿ ಗುರುಗಳು ಬಂದರು.

“ನೋಡಿ ಬುದ್ಧಿ, ಪಾಪ,” ಎಂದ ಪರಶಿವ. “ಇವ್ನಿಗ್ಯಾಕೆ ಬೇಕಿತ್ತು ಈ ಕೆಲಸ?”

ಗುರುಗಳು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎಡಗೈ ಮುಂದೆ ಚಾಚಲು ಹೇಳಿದರು. ಚೆಲುವಯ್ಯನ ಬಲಗೈ ಹಿಡಿದು ಒಬ್ಬೊಬ್ಬರ ಬೆರಳಿನ ಮೇಲೂ ಆಡಿಸಿದರು.

ಮೊದಲನೆಯವನ ಹೆಬ್ಬೆರಳಲ್ಲಿ ಒಂದು ಗಟ್ಟಿ ಗೆರೆ. ಎರಡನೆಯವನ ತೋರುಬೆರಳಲ್ಲಿ ಒಂದು. ಮೂರನೆಯವನಿಗೆ ಎರಡು. ಗುರುಗಳು ತಮ್ಮ ಕೈಯನ್ನೂ ಚಾಚಿದರು. ಅಲ್ಲಿ ಗೆರೆಯ ಮೇಲೆ ಗೆರೆ.

ಕೊನೆಯವನು ಪರಶಿವ. ಅವನ ಕಿರುಬೆರಳಿಗೆ ತುದಿಯೇ ಇರಲಿಲ್ಲ.

ಚೆಲುವಯ್ಯ ಮತ್ತೊಮ್ಮೆ ಮುಟ್ಟಿ ನೋಡಿದ. ನಗು ತಡೆಯಲಾಗಲಿಲ್ಲ.

“ಇದು ಯಾವಾಗ ಆಗಿದ್ದಪ್ಪ?” ಎಂದರು ಗುರುಗಳು.

“ಹೋದ ವರ್ಷ ಬುದ್ಧಿ. ಸುವರ್ಣಗೆಡ್ಡೆ ಹೆಚ್ಚುವಾಗ.”

“ಮಾರನೇ ದಿನ ಏನು ಹೆಚ್ಚಿದೆ?”

ಪರಶಿವ ತಲೆ ಕೆರೆದುಕೊಂಡ.

“ಉಳಿದರ್ಧ ಗೆಡ್ಡೆ.”

ಬಟ್ಟೆ ಸುತ್ತಿಸಿಕೊಂಡು ಕೂತಿದ್ದ ಈಳಿಗೆ ಮಣೆಯ ಕಡೆ ಗುರುಗಳು ತಿರುಗಿದರು.

“ಆ ಬಟ್ಟೆ ಬಿಚ್ಚಿ ಇವ್ನ ಬೆರಳಿಗೆ ಕಟ್ಟು. ನಾಳೆ ಚೆಲುವಯ್ಯಂಗೆ ಕುಂಬಳಕಾಯಿ ಅದೆ.”