ಗುಂಡು ಬಿಚ್ಚಿದ ಬಲೆ

“ಗುರುಗಳೇ, ನೋವನ್ನು ಬಾಯಿ ಬಿಡದೆ ಸಹಿಸಿಕೊಳ್ಳುವುದೂ ಒಂದು ತಪಸ್ಸಲ್ಲವೇ?” ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ಶಿಷ್ಯ. ಪೂಜೆಯ ನೀರನ್ನು ಬಾವಿಯಿಂದ ಹೊತ್ತು ತರುವ ಸೇವೆ ಅವನದು. ಯುಗಾದಿಗೆ ಮುಂಚೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಲಭುಜದ ಮೇಲೆ ಬಿದ್ದಿದ್ದ. ಅಂದಿನಿಂದ ಆ ಕೈ ಕಿವಿಯ ಮಟ್ಟಕ್ಕೆ ಏಳದು. ಕೊಡ ಎಡಹೆಗಲಿಗೆ ಹೋಯಿತು. ಆಮೇಲೆ ಕೊಡವೂ ಹೋಗಿ ಚೊಂಬು ಬಂತು. ವೈದ್ಯರಿಗೆ ತೋರಿಸಿದರೆ ಸೇವೆ ಬಿಡು ಎಂದಾರು ಎಂಬ ಅಂಜಿಕೆ ಅವನಿಗೆ.

“ಕೂತುಕೋ. ಕಂಬಕ್ಕೆ ಒರಗಿಕೊಂಡೇ ಕೂತುಕೋ, ತಪಸ್ಸಿಗೆ ಭಂಗವೇನೂ ಬರುವುದಿಲ್ಲ” ಎಂದರು ಗುರುಗಳು. ಅವನು ಕೂತ ಮೇಲೆ ಕತೆ ಶುರುಮಾಡಿದರು.

ಒಂದು ಹೊಳೆ. ಹೊಳೆಯ ದಂಡೆಯಲ್ಲಿ ಒಬ್ಬ ಬೆಸ್ತ. ದೋಣಿ ಇಲ್ಲ, ಬೀಸುಬಲೆಯೊಂದೇ ಅವನ ಬದುಕು. ಬೀಸುಬಲೆಯನ್ನು ನೀನು ನೋಡಿರುತ್ತೀಯೆ. ಛತ್ರಿಯ ಹಾಗೆ ಅರಳಿ ನೀರಿಗೆ ಬೀಳುತ್ತದೆ. ಅಂಚಿನ ಸುತ್ತ ಸೀಸದ ಗುಂಡುಗಳಿರುತ್ತವೆ. ಅವುಗಳ ಭಾರಕ್ಕೆ ಅಂಚು ತಟ್ಟನೆ ತಳ ಕಚ್ಚಬೇಕು, ಆಗಲೇ ಮೀನು ಒಳಗೆ ಉಳಿಯುವುದು. ಅಂಥ ಬಲೆ ಬೀಸುವುದಕ್ಕೆ ಭುಜ ಗಟ್ಟಿ ಬೇಕು. ಇವನದು ಗಟ್ಟಿಯೇ ಇತ್ತು. ದಂಡೆಯಲ್ಲಿ ನಿಂತೇ ನಡುಹೊಳೆಯ ಮಡುವಿಗೆ ಬಲೆ ಮುಟ್ಟಿಸುತ್ತಾನೆ ಎಂದು ಕೇರಿಯೆಲ್ಲ ಹೇಳುತ್ತಿತ್ತು. ಅದನ್ನು ಕೇಳುವುದು ಅವನಿಗೂ ಇಷ್ಟವೇ.

ಒಂದು ದಿನ ಬಲೆ ನೀರೊಳಗಿನ ಬೇರಿಗೆ ಸಿಕ್ಕಿಕೊಂಡಿತು. ಇಳಿದು ಬಿಡಿಸಬೇಕಿತ್ತು. ಸಿಟ್ಟಿನಲ್ಲಿ ಜಗ್ಗಿದ. ಬಲೆಯೇನೋ ಬಂತು, ಭುಜದೊಳಗೆ ಏನೋ ಕಿತ್ತಂತಾಯಿತು. ಉಳುಕಿದೆ, ತಾನಾಗಿ ಸರಿಹೋಗುತ್ತದೆ ಎಂದುಕೊಂಡ. ಎಣ್ಣೆ ತಿಕ್ಕಿದ, ಶಾಖ ಕೊಟ್ಟ. ಸರಿಹೋಗಲಿಲ್ಲ. ಆ ಮಗ್ಗುಲಿಗೆ ಹೊರಳಿದರೆ ಜೀವ ಬಾಯಿಗೆ ಬರುತ್ತಿತ್ತು.

ಆಗ ಅವನೊಂದು ಬುದ್ಧಿವಂತಿಕೆ ಮಾಡಿದ. ಬಲೆಯ ಅಂಚಿನಿಂದ ಒಂದಷ್ಟು ಗುಂಡು ಬಿಚ್ಚಿದ. ಬಲೆ ಹಗುರಾಯಿತು, ಬೀಸುವುದಕ್ಕೆ ಬಂತು. ಸದ್ಯ, ಬಚಾವಾದೆ ಎಂದು ಖುಷಿಪಟ್ಟ. ಸ್ವಲ್ಪ ದಿನಕ್ಕೆ ಭುಜ ಅದನ್ನೂ ಒಲ್ಲೆ ಎಂದಿತು. ಇನ್ನಷ್ಟು ಬಿಚ್ಚಿದ. ಹೀಗೆ ಬಿಚ್ಚುತ್ತಲೇ ಹೋದ. ಬಲೆ ಅಂದವಾಗಿಯೇ ಅರಳಿ ಬೀಳುತ್ತಿತ್ತು, ಆದರೆ ತೇಲಿಕೊಂಡು ತೇಲಿಕೊಂಡು ಇಳಿಯುತ್ತಿತ್ತು. ಅಷ್ಟರಲ್ಲಿ ಮೀನು ಅಂಚಿನ ಕೆಳಗೆ ನುಸುಳಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಬರಿಗೈಯಲ್ಲಿ ಮನೆಗೆ ಬಂದು, ಈ ವರ್ಷ ಹೊಳೆಯಲ್ಲಿ ಮೀನೇ ಇಲ್ಲ ಅನ್ನುತ್ತಿದ್ದ. ಅದೇ ಹೊಳೆಯ ಮೀನಿನ ಸಾರು ಪಕ್ಕದ ಮನೆಯಲ್ಲಿ ಕುದಿಯುತ್ತಿತ್ತು. ಅದರ ವಾಸನೆ ಅವನಿಗೂ ಬರುತ್ತಿತ್ತು, ಪಾಪ.

ಒಂದು ಸಂಜೆ ಹೆಂಡತಿ ಬಲೆಯನ್ನು ಒಣಹಾಕಲು ಎತ್ತಿದಳು. ಅದು ಹೆಗಲ ವಸ್ತ್ರದಷ್ಟು ಹಗುರವಾಗಿತ್ತು. ಅಂಚನ್ನು ಉದ್ದಕ್ಕೂ ಸವರಿ ನೋಡಿದಳು.

“ಗುಂಡುಗಳನ್ನು ಏನು ಮಾಡಿದಿರಿ?”

“ಬಲೆ ಭಾರವಾಗಿತ್ತು.”

“ನಿಮ್ಮಪ್ಪನ ಕಾಲದಿಂದಲೂ ಅದು ಅಷ್ಟೇ ಭಾರ ಇದೆ. ಮೊದಲು ಹೋಗಿ ವೈದ್ಯರಿಗೆ ಭುಜ ತೋರಿಸಿಕೊಂಡು ಬನ್ನಿ.”

ಅವನು ತಲೆ ಬಗ್ಗಿಸಿದ. “ತೋರಿಸಿದರೆ, ಏನೋ ಆಗಿದೆ ಅಂದುಬಿಟ್ಟರೆ?”

“ಅವರು ಅನ್ನದಿದ್ದರೆ ಆಗಿಲ್ಲ ಅಂತಲೋ?” ಎಂದಳು. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಮರುದಿನ ಹೋದ. ವೈದ್ಯರು ಎಣ್ಣೆಯ ತಂಟೆಗೆ ಹೋಗಲಿಲ್ಲ. ಕೈ ಎತ್ತು ಅಂದರು, ಇಳಿಸು ಅಂದರು, ನನ್ನ ಅಂಗೈಯನ್ನು ಒತ್ತು ಅಂದರು. ಅವನು ಒತ್ತಿದ. ಬಲವೇ ಬರಲಿಲ್ಲ.

“ಒಳಗೆ ಸ್ನಾಯು ಹರಿದಿದೆ” ಎಂದರು ವೈದ್ಯರು. “ಪೂರ್ತಿ ಅಲ್ಲ, ಇನ್ನೂ ಹಿಡಿದುಕೊಂಡಿದೆ. ಕೈಯನ್ನು ಎದೆಗೆ ಕಟ್ಟುತ್ತೇನೆ, ಈ ವರ್ಷದ ಮೀನಿನ ಕಾಲ ಮುಗಿಯುವ ತನಕ ಸುಮ್ಮನಿರಬೇಕು. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಎತ್ತಿ ಪಳಗಿಸಬೇಕು. ಅದಕ್ಕೂ ಬಗ್ಗದಿದ್ದರೆ ಕೊಯ್ದು ಹೊಲಿಯಬೇಕು.”

“ಮೊದಲಿನ ಹಾಗೆ ಬೀಸುತ್ತೇನೆಯೇ?”

“ಅದನ್ನು ಹೇಳಲಾರೆ. ಹೀಗೇ ಬೀಸುತ್ತಿದ್ದರೆ ಏನಾಗುತ್ತದೆ ಅಂತ ಮಾತ್ರ ಹೇಳಬಲ್ಲೆ. ಬರುವ ವರ್ಷ ತಲೆಗೆ ರುಮಾಲು ಸುತ್ತಿಕೊಳ್ಳುವುದಕ್ಕೂ ಈ ಕೈ ಏಳುವುದಿಲ್ಲ.”

ಅವನು ಹೊರಗೆ ಬಂದು ವೈದ್ಯರ ಮನೆಯ ಜಗಲಿಯ ಮೇಲೆ ಕೂತ. ಮೀನಿನ ಕಾಲವೆಲ್ಲ ಸುಮ್ಮನಿದ್ದರೆ ಊಟಕ್ಕೇನು? ಕೊಯ್ದರೆ ಇದ್ದದ್ದೂ ಹೋದರೆ? ಎದ್ದು ಮನೆಗೆ ಹೊರಟೇಬಿಡುವವನಿದ್ದ.

ಆದರೆ ಅವನು ಬಲೆಯ ಮನುಷ್ಯ. ಹರಿದ ಬಲೆಯನ್ನು ಹೇಗೆ ಸರಿಮಾಡಬೇಕೆಂದು ಬಲ್ಲ. ಕಿತ್ತುಹೋದ ಎಳೆಗಳನ್ನೆಲ್ಲ ಮೊದಲು ಕತ್ತರಿಸಿ ತೆಗೆಯಬೇಕು, ಗಟ್ಟಿ ಗಂಟು ಸಿಗುವ ತನಕ ತೆಗೆಯಬೇಕು. ತೂತು ಮೊದಲಿಗಿಂತ ದೊಡ್ಡದಾಗುತ್ತದೆ. ನೋಡಿದವರು ಬಲೆ ಹಾಳಾಯಿತು ಅನ್ನುತ್ತಾರೆ. ಹಾಗೆ ಕತ್ತರಿಸದೆ ಕಿತ್ತ ಎಳೆಗೇ ಗಂಟು ಹಾಕುವವರನ್ನು ಕಂಡು ಅವನು ನಕ್ಕಿದ್ದುಂಟು. ಬಲೆಗೆ ಮಾಡುವುದನ್ನು ಮೈಗೆ ಮಾಡಿಸಿಕೊಳ್ಳಲು ಇಷ್ಟು ಹೆದರಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು. ಒಳಗೆ ಹೋಗಿ, “ಕಟ್ಟಿ” ಎಂದ.

ಆ ವರ್ಷ ಹೊಳೆಗೆ ಹೊಸ ನೀರು ಬಂದು ಮೀನು ಏರಿದಾಗ ಅವನು ಮನೆಯ ಮುಂದೆ ಕೂತಿದ್ದ. ಕೇರಿಯ ಗಂಡಸರೆಲ್ಲ ಅವನೆದುರೇ ಬುಟ್ಟಿ ತುಂಬಿಕೊಂಡು ಹೋದರು. ಹೆಂಡತಿ ಬೇರೆಯವರಿಗೆ ಬಲೆ ಹೆಣೆದುಕೊಟ್ಟು ಮನೆ ನಡೆಸಿದಳು. ಅವನಿಗೆ ಹೊಟ್ಟೆ ಉರಿಯಿತು. ಆದರೂ ಕಟ್ಟು ಬಿಚ್ಚಲಿಲ್ಲ.

ವೈದ್ಯರು ಬಿಚ್ಚಿದ ಮೇಲೆ ದಿನಾ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡನ ಹಾಗೆ ಮೇಲಕ್ಕೆ ಹತ್ತಿಸುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು. ಹಲ್ಲು ಕಚ್ಚಿ ಇನ್ನೊಂದು ಬೆರಳಷ್ಟು ಹತ್ತಿಸುತ್ತಿದ್ದ. ಸೊಂಟದ ಮಟ್ಟ ದಾಟಿತು, ಎದೆಯ ಮಟ್ಟಕ್ಕೆ ಬಂತು. ಕೆಲವು ದಿನ ಕೈ ನಿನ್ನೆಗಿಂತ ಕೆಳಗೇ ನಿಲ್ಲುತ್ತಿತ್ತು. ತನ್ನನ್ನೇ ಬೈದುಕೊಂಡು ಮರುದಿನ ಮತ್ತೆ ನಿಲ್ಲುತ್ತಿದ್ದ. ಹೊಲಿಗೆಯೇ ಬೇಕೆಂದರೆ ಅದಕ್ಕೂ ಸೈ ಎಂದು ಹೆಂಡತಿಗೆ ಹೇಳಿಟ್ಟಿದ್ದ. ನೋವು ಸಹಿಸುವುದು ಅಂದೆಯಲ್ಲ ಅಡವಯ್ಯ, ಅವನು ಸಹಿಸಲು ಶುರುಮಾಡಿದ್ದೇ ಆ ಗೋಡೆಯ ಮುಂದೆ.

ಗುರುಗಳು ಅಲ್ಲಿಗೆ ಮಾತು ನಿಲ್ಲಿಸಿದರು. ಅವರು ಮುಂದುವರಿಸುವ ಹಾಗೆ ಕಾಣಲಿಲ್ಲ.

“ಆಮೇಲೆ ಅವನ ಕೈ ಪೂರ್ತಿ ಮೇಲೆದ್ದಿತೇ, ಗುರುಗಳೇ?” ಎಂದು ಅಡವಯ್ಯ ಕೇಳಿದ.

“ಅವನ ಕೈಯ ಸುದ್ದಿ ಕೇಳುತ್ತೀಯೆ, ವೈದ್ಯರ ಮನೆಗೆ ದಾರಿ ಯಾವುದೆಂದು ಇನ್ನೂ ಕೇಳಲಿಲ್ಲವಲ್ಲ” ಎಂದರು ಗುರುಗಳು.