ಗೂಟಕ್ಕೆ ಹಾಕದ ಮಳೆಯಂಗಿ

ಬನ್ನಿ ಮಕ್ಕಳೇ, ಒಲೆ ಹತ್ತಿರ ಸರಕೊಳ್ಳಿ. ಕದ ಮುಂದಕ್ಕೆ ಹಾಕಿದೆಯೋ ಇಲ್ಲವೋ ಒಂಚೂರು ನೋಡಿ. ಈ ಕಥೆ ಹೇಳುವಾಗ ಕದ ತೆರೆದಿದ್ದರೆ ಈ ವಯಸ್ಸಲ್ಲೂ ನನಗೆ ಬೆನ್ನು ಜುಮ್ಮನ್ನುತ್ತೆ. ನಗಬೇಡಿ, ಕೇಳಿದ ಮೇಲೆ ನೀವೂ ಅಷ್ಟೇ.

ಕಾರೇಬೆಟ್ಟ ಅಂತ ಒಂದು ರಾಜ್ಯ. ಅದಕ್ಕೊಬ್ಬ ದೊರೆ, ಮಲೆರಾಜ ಅಂತ. ರಾಜ್ಯ ಅಂದರೆ ಇನ್ನೇನು, ಒಂದು ಕೋಟೆ, ಒಂದು ಕೆರೆ, ಸುತ್ತ ಒಂದಷ್ಟು ಹಟ್ಟಿ. ಅದರಾಚೆ ಬರೀ ಕಾಡು. ಆ ಕಾಡಲ್ಲೊಂದು ಹುಲಿ. ಬೇಸಗೆಯಲ್ಲಿ ಅದರ ಸುದ್ದಿಯೇ ಇಲ್ಲ. ಮಳೆ ಹಿಡಿಯಿತೋ, ಕೆಳಗಿಳಿಯೋದು. ಮೊದಲು ಕರು ತಿಂತು. ಆಮೇಲೆ ಎತ್ತು ತಿಂತು. ಆಮೇಲೆ ಕೆರೆಗೆ ನೀರಿಗೆ ಹೋದ ಮುದುಕಿಯನ್ನ ಎಳಕೊಂಡು ಹೋಯಿತು.

ಅದಕ್ಕೇ ಆ ಸೀಮೆಯಲ್ಲೊಂದು ಕಟ್ಟಳೆ. ಮಳೆಗಾಲದಲ್ಲಿ ಮನೆಗೊಬ್ಬ ಗಂಡಸು, ಸರದಿ ಮೇಲೆ, ಹುಲಿ ಬೇಟೆಗೆ ಹೋಗಬೇಕು. ದೊರೆ ಆನೆ ಮೇಲೆ, ತಮಟೆಯವರು ಕಾಡಿನ ಅಂಚಲ್ಲಿ. ಪೊದೆಯೊಳಕ್ಕೆ ಹೋಗೋನು ಸರದಿಯವನೊಬ್ಬನೇ. ಭರ್ಜಿ ಅವನದು, ಮಳೆಯಂಗಿ ಅರಮನೆಯದು.

ಆ ಅಂಗಿ ಆರಿಸೋದು ಮಾತ್ರ ಅವನಲ್ಲ, ಅವನ ಮನೆ ಹೆಂಗಸು. ದೊರೆಯ ಎದುರಿಗೆ, ಉಗ್ರಾಣದ ಹೊಸ್ತಿಲೊಳಗೆ ಇರೋ ಯಾವ ಮಳೆಯಂಗಿಯನ್ನಾದರೂ ಮುಟ್ಟಿ ಅವಳು "ಇದು" ಅಂದರೆ ಮುಗೀತು. ಕೊಡಲ್ಲ ಅನ್ನೋ ಹಾಗಿಲ್ಲ, ದೊರೆಯೂ ಅನ್ನೋ ಹಾಗಿಲ್ಲ. ಅವಳೇ ಕೈಯಾರೆ ತೊಡಿಸಿ ಕಳಿಸಬೇಕು. ಗಂಡಸು ಬದುಕಿ ಬಂದರೆ ಆ ಅಂಗಿ ಅವನಿಗೇ. ಹೊಲಕ್ಕೂ ಅದೇ, ಸಂತೆಗೂ ಅದೇ, ನೆಂಟರ ಮನೆಗೂ ಅದೇ.

ಬದುಕಿ ಬಂದರೆ ತಾನೇ! ಆ ವರ್ಷ ಮೊದಲ ಮಳೆಗೆ ಮರಿಯಕ್ಕನ ಗಂಡ ಹೋದ. ಆಳು ಬರಲಿಲ್ಲ, ಅಂಗಿ ಬಂತು. ಮುಳ್ಳುಕಂಟಿಗೆ ಸಿಕ್ಕಿಕೊಂಡಿತ್ತಂತೆ, ತಮಟೆಯವರು ಬಿಡಿಸಿಕೊಂಡು ಬಂದರು. ಆಮೇಲೆ ಬೋರಮ್ಮನ ಗಂಡ ಹೋದ. ಆಳು ಬರಲಿಲ್ಲ, ಅಂಗಿ ಬಂತು. ಉಗ್ರಾಣದವರು ಆ ಅಂಗಿಗಳನ್ನ ಒಗೆದು, ಹರಿದಲ್ಲಿ ಹೊಲಿದು, ತಿರುಗಿ ಅದೇ ಗೂಟಕ್ಕೆ ನೇತುಹಾಕಿದರು. ಅಯ್ಯೋ ಶಿವನೇ, ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತೆ.

ಮೂರನೇ ಸರದಿ ಸಾಕವ್ವನ ಮನೆಗೆ ಬಂತು. ಅವಳ ಗಂಡ ಜವರ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅರಮನೆಯ ಆಳು ಬಂದು ಬಾಗಿಲಲ್ಲಿ ಕೂಗಿ ಹೋದಾಗ ಅವಳ ಕೈಲಿದ್ದ ಮೊರ ಕೆಳಗೆ ಬಿತ್ತು.

"ಹೆದರಬೇಡ ಕಣೆ," ಅಂದ ಜವರ. "ಒಳ್ಳೇದೊಂದು ನೋಡಿ ಆರಿಸು, ಸಾಕು."

ಹೆದರಬೇಡ ಅಂತಾನೆ, ಮಹಾರಾಯ! ಆರಿಸೋ ಕೈ ಅವಳದು. ತಪ್ಪಿದರೆ ಹೋಗೋ ಜೀವ ಅವನದು.  ಸಾಕವ್ವ ಸೆರಗು ತಲೆ ಮೇಲೆ ಎಳಕೊಂಡು ಮಳೆಯಲ್ಲೇ ಮರಿಯಕ್ಕನ ಮನೆಗೆ ಹೋದಳು.

"ಅಕ್ಕಾ, ನೀನು ಯಾವ ಅಂಗಿ ಆರಿಸಿದ್ದೆ?"

"ಕೆಂಪಂಗಿ ಕಣವ್ವ. ಎಣ್ಣೆ ಕುಡಿಸಿದ ಬಟ್ಟೆ, ಒಂದು ಹನಿ ಒಳಕ್ಕೆ ಬಿಡಲ್ಲ. ಆದರೆ ಹೆಜ್ಜೆ ಇಟ್ಟರೆ ಸಾಕು, ಚರಪರ ಚರಪರ. ನನ್ನ ಗಂಡ ಕಾಡೊಳಕ್ಕೆ ಹೋದ ಮೇಲೂ ಎಷ್ಟೋ ಹೊತ್ತು ಆ ಸದ್ದು ನನಗೇ ಕೇಳ್ತಿತ್ತು. ನನಗೆ ಕೇಳಿದ್ದು ಹುಲಿಗೆ ಕೇಳದೆ ಇರುತ್ತಾ?" ಮರಿಯಕ್ಕ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಸಾಕವ್ವ ಬೋರಮ್ಮನ ಮನೆಗೆ ಹೋದಳು.

"ಚರ್ಮದಂಗಿ ತಾಯಿ," ಅಂದಳು ಬೋರಮ್ಮ. "ಸದ್ದಿಲ್ಲ, ಗದ್ದಲವಿಲ್ಲ, ಮೆತ್ತಗಿತ್ತು. ಆದರೆ ನೀರು ಕುಡೀತು ನೋಡು. ಕುಡಿದು ಕುಡಿದು ಕಲ್ಲಾಯಿತು. ಕಾಡಿನ ಅಂಚು ಮುಟ್ಟೋ ಹೊತ್ತಿಗೇ ನನ್ನ ಯಜಮಾನರಿಗೆ ಕೈ ಎತ್ತೋಕಾಗ್ತಿರಲಿಲ್ಲ. ಭರ್ಜಿ ಎಲ್ಲಿಂದ ಎತ್ತಿಯಾರು? ನಾನೇ ತೊಡಿಸಿದೆ ಸಾಕವ್ವ, ಈ ಕೈಯಿಂದಲೇ." ಅವಳು ಎರಡೂ ಕೈಯನ್ನ ನೋಡಿಕೊಂಡು ಅತ್ತಳು.

ಸಾಕವ್ವ ಅಲ್ಲಿಂದ ಹೊರಟಳು. ಸದ್ದು ಮಾಡಬಾರದು, ನೀರು ಕುಡಿಯಬಾರದು. ದಾರಿ ಉದ್ದಕ್ಕೂ ಅದನ್ನೇ ಬಾಯಲ್ಲಿ ಗುನುಗಿಕೊಂಡಳು. 

ಬೇಟೆಯ ದಿನ ಬೆಳಗಾಯಿತು. ಮಳೆ ಧೋ ಅಂತ ಸುರೀತಿತ್ತು. ಜವರ ಭರ್ಜಿ ಹಿಡಿದು ಅಂಗಳದಲ್ಲಿ ನಿಂತ, ದೊರೆ ಉಗ್ರಾಣದ ಜಗಲಿ ಮೇಲೆ ಕೂತ, ಸಾಕವ್ವ ಹೊಸ್ತಿಲು ದಾಟಿ ಒಳಗೆ ಹೋದಳು. ಅವಳ ಹಿಂದೆಯೇ ಉಗ್ರಾಣದ ಅಧಿಕಾರಿ ಚೆಲುವಯ್ಯ ಬಂದ. ಅಂಗಳದ ಮಳೆಯನ್ನೆಲ್ಲಾ ದಾಟಿ ಬಂದವನು ನಾಯಿ ಕೊಡವಿಕೊಂಡ ಹಾಗೆ ಒಂದು ಸಲ ಮೈ ಕೊಡವಿದ, ನೀರೆಲ್ಲಾ ಉದುರಿ ಹೋಯಿತು. ಸೊಂಟದಿಂದ ಹೊಗೆಸೊಪ್ಪು ತೆಗೆದು ಮುರಿದ. ಗರಿಗರಿಯಾಗಿ ಮುರೀತು.

ಗೋಡೆಗೆ ಮೂರು ಗೂಟ. ಒಂದರಲ್ಲಿ ಕೆಂಪಂಗಿ, ಒಂದರಲ್ಲಿ ಚರ್ಮದಂಗಿ. ಎರಡರಲ್ಲೂ ತೇಪೆ. ಮೂರನೇದರಲ್ಲಿ ಹೊಸಾ ಹಸಿರಂಗಿ.

"ನೋಡವ್ವ, ಕೆಂಪಂಗಿ ದೊರೆಗಳ ಅಂಗಿ ಇದ್ದ ಹಾಗಿದೆ," ಅಂದ ಚೆಲುವಯ್ಯ. "ಚರ್ಮದ್ದು ಬೆಚ್ಚಗಿರುತ್ತೆ. ಹಸಿರಂತೂ ಬಿಡು, ಮೇಣ ಬಳಿದ ಬಟ್ಟೆ, ಎಲೆ ಮಧ್ಯೆ ಎಲೆಯಾಗಿ ಹೋಗ್ತಾನೆ ನಿನ್ನ ಗಂಡ. ಬೇಗ ಮುಟ್ಟು, ಹೊತ್ತಾಗುತ್ತೆ."

ಸಾಕವ್ವ ಹಸಿರಂಗಿ ಅಲುಗಿಸಿದಳು. ಸದ್ದಿಲ್ಲ. ಎತ್ತಿ ನೋಡಿದಳು. ಹಗುರ. ಸದ್ಯ, ದೇವರು ಕಣ್ಣು ಬಿಟ್ಟ ಅಂದುಕೊಂಡು "ಇದು" ಅನ್ನೋಕೆ ಬಾಯಿ ತೆರೆದೇಬಿಟ್ಟಿದ್ದಳು. ಅಷ್ಟರಲ್ಲಿ ಅವಳ ಹಿಡಿ ಬಿಗಿದು ತೋಳಿನ ಹತ್ತಿರ ಬಟ್ಟೆ ಮಡಿಚಿಕೊಂಡಿತು. ಮಡಿಕೆಯಲ್ಲಿ ಮೇಣ ಬಿರಿದು ಪುಡಿಯಾಗಿ ಉದುರಿತು. ಅವಳ ಸೆರಗಿನ ನೀರು ಅಲ್ಲೇ ತೊಟ್ಟಿಕ್ಕಿತು, ಅಲ್ಲೇ ಒಳಕ್ಕೆ ಇಳೀತು.

 ಮೂರರಲ್ಲಿ ಒಂದೂ ಇಲ್ಲ! ಹೊರಗೆ ಗಂಡ ಕಾಯ್ತಿದಾನೆ, ದೊರೆ ಕಾಯ್ತಿದಾನೆ, ಕಾಡಲ್ಲಿ ಅದೂ ಕಾಯ್ತಿದೆ. ಕೂಗಿ ಅಳಬೇಕು ಅನ್ನಿಸಿತು. ಅಳಲಿಲ್ಲ. ಚೆಲುವಯ್ಯನ ಕಡೆ ತಿರುಗಿದಳು.

"ಅಯ್ಯಾ, ನಿಮ್ಮ ಮಾತು ಕೇಳಿದರೆ ಮೂರೂ ಚೆನ್ನಾಗಿದೆ. ಕೆಂಪಂಗಿ ತೊಟ್ಟು ಒಂದು ಸಲ ಬಾವಿ ತನಕ ಹೋಗಿ ಬನ್ನಿ, ನೋಡ್ತೀನಿ."

"ಛೆ ಛೆ, ಕೆಂಪು ನನಗೆ ಒಪ್ಪಲ್ಲ."

"ಚರ್ಮದ್ದು ತೊಟ್ಟು ಹೋಗಿ ಬನ್ನಿ."

"ಅದು ಸೆಕೆ, ನನಗೆ ಆಗಲ್ಲ."

"ಹಸಿರು?"

"ತೋಳು ಬಿಗಿಯಾಗುತ್ತೆ ಕಣಮ್ಮ. ಈ ಮಳೆಯಲ್ಲಿ ನಾನ್ಯಾಕೆ ನೆನೀಲಿ?"

ಬಾಯಿ ಜಾರಿತು. ಜಾರಿದ್ದು ಅವನಿಗೂ ಗೊತ್ತಾಯಿತು, ನಾಲಿಗೆ ಕಚ್ಚಿಕೊಂಡ. ಆಗ ಸಾಕವ್ವ ಅವನನ್ನ ಅಡಿಯಿಂದ ಮುಡಿವರೆಗೆ ನೋಡಿದಳು. ಅವನ ಮೈಮೇಲೊಂದು ಹಳೇ ಕರೀ ಕಂಬಳಿ ಅಂಗಿ. ಬಣ್ಣವಿಲ್ಲ, ಬೆಡಗಿಲ್ಲ. ಹುಣಿಸೆ ಬೀಜದ ಗಂಜಿ ಬಳಿದು ಒಣಗಿಸಿದ ಕಂಬಳಿ, ಎಳೆ ಎಳೆಯೂ ಬಿಗಿದುಕೊಂಡಿದೆ. ಮಳೆಯಲ್ಲಿ ಬಂದಿದ್ದಾನೆ, ಒಳಗಿನ ಪಂಚೆ ಬೆಳ್ಳಗೆ ಒಣಗಿದೆ. ನಡೆದರೆ ಬೆಕ್ಕು ನಡೆದ ಹಾಗೆ, ಸದ್ದೇ ಇಲ್ಲ.

ಸಾಕವ್ವ ಅವನ ಹೆಗಲ ಮೇಲೆ ಕೈ ಇಟ್ಟಳು. "ಇದು," ಅಂದಳು.

"ಏಯ್! ಇದು ನಂದು! ಗೂಟದ ಮೇಲಿಲ್ಲ ಇದು!"

ದೊರೆ ಜಗಲಿಯಿಂದ ಎದ್ದು ಬಂದ. "ಗೂಟ ಅಂತ ಕಟ್ಟಳೆಯಲ್ಲಿ ಎಲ್ಲಿದೆಯೋ ಚೆಲುವಯ್ಯ? ಹೊಸ್ತಿಲೊಳಗೆ ಅಂತ ಇದೆ. ನೀನು ಹೊಸ್ತಿಲೊಳಗೇ ನಿಂತಿದೀಯಲ್ಲ. ಬಿಚ್ಚು."

ಬಿಚ್ಚಿದ. ಕತ್ತಿನ ಒಳಮಗ್ಗುಲಲ್ಲಿ ಕೆಂಪು ದಾರದ ಸೂರ್ಯ, ಅರಮನೆಯ ಗುರುತು. ದೊರೆಯ ಮುಖ ಕಪ್ಪಿಟ್ಟಿತು.

"ನಮ್ಮಪ್ಪನ ಕಾಲದಲ್ಲಿ ಇಂಥವು ಉಗ್ರಾಣದ ತುಂಬ ಇದ್ದವು. ಎಲ್ಲಿ ಹೋದವು?"

"ಬುದ್ಧೀ... ಘಟ್ಟದ ಕೆಳಗಿನ ವ್ಯಾಪಾರಿಗಳಿಗೆ... ಇದೊಂದು ನನಗೆ ಅಂತ..." ಅಂತ ತೊದಲಿದ ಚೆಲುವಯ್ಯ.

"ಸರಿ ಹಾಗಾದರೆ. ಜವರನ ಜೊತೆ ನೀನೂ ನಡಿ. ಮೂರೂ ಚೆನ್ನಾಗಿದೆ ಅಂದೆಯಲ್ಲ, ಒಂದು ಆರಿಸಿಕೋ."

ಈಗ ನೋಡಿ ಮಕ್ಕಳೇ ಚೆಲುವಯ್ಯನ ಪಾಡು! ಕೆಂಪು ಮುಟ್ಟಿದ, ಕೈ ಹಿಂದಕ್ಕೆ ತಗೊಂಡ. ಚರ್ಮದ್ದು ಮುಟ್ಟಿದ, ಕೈ ಹಿಂದಕ್ಕೆ ತಗೊಂಡ. ಹಸಿರು ಮುಟ್ಟಿದ, ಬೆವೆತುಹೋದ. ಮೂರರ ಗುಟ್ಟೂ ಮೊದಲಿಂದ ಗೊತ್ತಿದ್ದವನು ಅವನೊಬ್ಬನೇ ತಾನೇ. ಕೊನೆಗೆ ಕೆಂಪು ತೊಟ್ಟ. ಸಾಕವ್ವ ಕರೀ ಅಂಗಿಯನ್ನ ಜವರನಿಗೆ ತೊಡಿಸಿ ಗುಂಡಿ ಹಾಕಿದಳು. 

ಅವಳು ತಮಟೆಯವರ ಜೊತೆ ಕಾಡಿನ ಅಂಚಿಗೆ ಹೋಗಿ ನಿಂತಳು. ಇಬ್ಬರೂ ಪೊದೆಯೊಳಕ್ಕೆ ಹೋದರು. ಜವರನ ಹೆಜ್ಜೆ ಕೇಳಲಿಲ್ಲ. ಚರಪರ ಚರಪರ, ಅದೊಂದೇ ಕೇಳ್ತಿತ್ತು. ಚರಪರ, ದೂರ. ಚರಪರ, ಇನ್ನೂ ದೂರ. ಆಮೇಲೆ ಅದೂ ನಿಂತಿತು.

ಕಾಡು ನಡುಗೋ ಹಾಗೆ ಹುಲಿ ಒಂದೇ ಒಂದು ಸಲ ಗರ್ಜಿಸಿತು. ತಮಟೆಯವರ ಕೈಯಿಂದ ಕೋಲು ಬಿತ್ತು. ಸಾಕವ್ವ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಅಂಗಿಯೊಂದೇ ಬಂದುಬಿಡುತ್ತೆ ಅಂತ ಅವಳಿಗೆ ಭಯ.

ಎಷ್ಟೋ ಹೊತ್ತಾದ ಮೇಲೆ ಪೊದೆ ಅಲುಗಿತು. ಕರೀ ಅಂಗಿ ಬಂತು. ಒಂದು ಆಳಿಗಿಂತ ಅಗಲವಾಗಿತ್ತು, ವಾಲಿಕೊಂಡು ಬರ್ತಿತ್ತು, ತಲೆ ಮೇಲಕ್ಕೆಲ್ಲಾ ಎಳಕೊಂಡಿತ್ತು, ಮುಖ ಕಾಣ್ತಿರಲಿಲ್ಲ. ಚೆಲುವಯ್ಯ ಕಸಕೊಂಡುಬಿಟ್ಟನೇನೋ! ಒಳಗಿರೋನು ಯಾರು? ಸಾಕವ್ವ ನಿಂತಲ್ಲೇ ಕಣ್ಣು ಕಿರಿದು ಮಾಡಿ ನೋಡಿದಳು. 

"ಲೇ ಸಾಕಿ," ಅಂತು ಅಂಗಿ. "ಹಂಗ್ಯಾಕೆ ನಿಂತಿದೀಯೆ, ಬಾರೆ, ಇವನನ್ನ ಒಂದು ಕಡೆ ಹಿಡಕೋ."

ಜವರನೇ! ಅವನ ತೋಳಿನಡಿ, ಅದೇ ಅಂಗಿಯ ಮರೆಯಲ್ಲಿ, ಬರೀ ಮೈಯಲ್ಲಿ ಗಡಗಡ ನಡುಗುತ್ತಾ ಚೆಲುವಯ್ಯ. ಸಾಕವ್ವ ಓಡಿ ಹೋಗಿ ಗಂಡನ ಮುಖ ಮುಟ್ಟಿ ಮುಟ್ಟಿ ನೋಡಿದಳು. ಅಲ್ಲೀ ತನಕ ತಡೆದಿದ್ದ ಅಳುವನ್ನೆಲ್ಲಾ ಅಲ್ಲೇ ಅತ್ತಳು.

ಒಳಗೆ ಆಗಿದ್ದು ಇಷ್ಟು. ಹುಲಿ ಆ ಚರಪರ ಸದ್ದಿನ ಬೆನ್ನು ಹತ್ತಿತ್ತು. ಅದರ ಕಣ್ಣು ಕಂಡಿದ್ದೇ ತಡ, ಚೆಲುವಯ್ಯ ಅಂಗಿ ಕಿತ್ತು ಕಂಟಿ ಮೇಲೆಸೆದು ಬಿದ್ದಂಬೀಳ ಓಡಿದ. ಗಾಳಿಗೆ ಕೆಂಪಂಗಿ ಅಲ್ಲೇ ಚರಪರ ಅಂತಿತ್ತು. ಹುಲಿ ಅದರ ಮೇಲೆ ಹಾರಿತು. ಪಕ್ಕದಲ್ಲಿ ಸದ್ದಿಲ್ಲದೆ ನಿಂತಿದ್ದ ಜವರನನ್ನ ನೋಡಲೇ ಇಲ್ಲ. ಅಂಗಿ ಹಗುರ, ಕೈ ಬೆಚ್ಚಗಿದೆ, ಭರ್ಜಿಯ ಹಿಡಿ ಜಾರಲಿಲ್ಲ. ಒಂದೇ ಏಟು, ಹುಲಿ ಉರುಳಿತು. ಹೀಗೆ ಈ ಸಲ ಅಂಗಿ ಕಾಡಲ್ಲಿ ಉಳೀತು, ಆಳುಗಳು ಬಂದರು.

ಊರೆಲ್ಲ ಕುಣೀತು. ಮರಿಯಕ್ಕ ಕುಣೀಲಿಲ್ಲ, ಬೋರಮ್ಮ ಕುಣೀಲಿಲ್ಲ. ಇಬ್ಬರೂ ಬಂದು ಚೆಲುವಯ್ಯನ ಎದುರು ಸುಮ್ಮನೆ ನಿಂತರು. ಬೈಯಲಿಲ್ಲ, ಹೊಡೀಲಿಲ್ಲ. ಅವನು ಇಬ್ಬರ ಕಾಲಿಗೂ ಬಿದ್ದ. ಅವರು ಏಳು ಅನ್ನಲಿಲ್ಲ.

ದೊರೆ ಅವನನ್ನ ಉಗ್ರಾಣದಲ್ಲೇ ಇಟ್ಟ, ಕೆಲಸ ಮಾತ್ರ ಬದಲಾಯಿಸಿದ. ಹುಣಿಸೆ ಬೀಜ ಹುರಿ, ಅರೆ, ಬೇಯಿಸು, ಕಂಬಳಿಗೆ ಬಳಿ, ಒಣಗಿಸು. ಹೊಲಿದ ಒಂದೊಂದು ಅಂಗಿಯನ್ನೂ ಮೊದಲು ನೀನೇ ತೊಟ್ಟು ಸುರಿಯೋ ಮಳೆಯಲ್ಲಿ ಬಾವಿ ಸುತ್ತಿ ಬಾ. ಒಣಗಿದ ಮೈಯಲ್ಲಿ ಬಂದರೆ ಗೂಟಕ್ಕೆ ಹಾಕು, ನೆನೆದು ಬಂದರೆ ಮತ್ತೆ ಬಳಿ. ಪ್ರತಿ ಮಳೆಗಾಲ ಮರಿಯಕ್ಕನೂ ಬೋರಮ್ಮನೂ ಉಗ್ರಾಣದ ಜಗಲಿ ಮೇಲೆ ಕೂತು ಅವನು ಸುತ್ತೋದನ್ನ ನೋಡ್ತಿದ್ದರು. ಮುದುಕನಾದರೂ ಅವನು ಸುತ್ತೋದು ತಪ್ಪಿಸಲಿಲ್ಲ.

ಅದಕ್ಕೇ ಹೇಳೋದು ಮಕ್ಕಳೇ, ನೀನು ತೊಡದೇ ಇರೋದನ್ನ ಚೆನ್ನಾಗಿದೆ ಅಂತ ಇನ್ನೊಬ್ಬರಿಗೆ ತೊಡಿಸಬೇಡ. ಯಾರಾದರೂ ನಿನಗೆ ಹಾಗೆ ತೊಡಿಸೋಕೆ ಬಂದರೆ ಅವರ ಬಾಯಿ ನೋಡಬೇಡ, ಅವರ ಮೈಮೇಲೆ ಏನಿದೆ ನೋಡು.

ಹೂಂ, ಈಗ ಕದ ತೆಗೀರಿ. ಮಳೆ ನಿಂತಿಲ್ಲವಾ? ಹೋಗಲಿ ಬಿಡಿ, ಆ ಮೂಲೆಯಲ್ಲಿರೋ ನನ್ನ ಕರೀ ಕಂಬಳಿ ಹೊದ್ದುಕೊಂಡು ಮನೆ ಸೇರಿಕೊಳ್ಳಿ. ಇವತ್ತೇ ಹೊದ್ದು ಬಂದಿದ್ದೀನಿ, ಒಂದು ಹನಿ ಒಳಕ್ಕೆ ಬಿಡಲ್ಲ.